ಎಡಗಡೆಯ ಮಡ್‌ಗಾರ್ಡ್

ಶೆಡ್ಡಿನ ನೆಲದ ಮೇಲೆ ಕಾರಿನ ತಗಡು ರಿಪೇರಿಯ ಟಿಂಕರ್ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಜಾಕಿನ ಹಿಡಿ. ಉಸಿರಿತ್ತು, ಇದ್ದೂ ಇಲ್ಲದ ಹಾಗೆ.

ಆಂಬುಲೆನ್ಸ್ ಅವನನ್ನು ಹೊತ್ತೊಯ್ದ ಮೇಲೆ ಇನ್ಸ್‌ಪೆಕ್ಟರ್ ಕಾರಿಗೆ ಒಂದು ಸುತ್ತು ಬಂದಳು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಹಳೆಯ ಸ್ಪೋರ್ಟ್ಸ್ ಕಾರು. ಬಣ್ಣ ಕೆರೆದು ಮೈಯೆಲ್ಲ ಬರೀ ತಗಡು. ಮುಂದಿನ ಎಡ ಮಡ್‌ಗಾರ್ಡ್ ಮಾತ್ರ ಮಾಯ. ಕಳಚಿದ ಹೆಡ್‌ಲೈಟ್ ಮಡಿಸಿದ ಬಟ್ಟೆಯ ಮೇಲೆ ಜೋಪಾನವಾಗಿ ಕೂತಿತ್ತು.

"ಬೇರೇನು ಹೋಗಿದೆ?"

"ಏನೂ ಇಲ್ಲ ಮೇಡಂ. ಅಷ್ಟು ದುಬಾರಿ ಕಾರ್ಬ್ಯುರೇಟರ್ ಕೂಡ ಇಲ್ಲೇ ಇದೆ." ಕಾರಿನ ಒಡತಿ ಶಾಲೆಯಲ್ಲಿ ಲೆಕ್ಕದ ಟೀಚರ್. ಉಗುರಿನ ಸಂದಿಯಲ್ಲಿ ಗ್ರೀಸು, ಕಣ್ಣಲ್ಲಿ ನೀರು.

"ಕಾರು ಎಲ್ಲಿಂದ ಬಂತು?"

"ದೊಡ್ಡಪ್ಪಂದು. ಎಂಜಿನ್ ಜಾಮ್ ಅಂತ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಅವರು ಮಗಳ ಮನೆಗೆ ಹೋಗಿದ್ದಾಗ ದೊಡ್ಡಮ್ಮ ನಂಗೆ ಕೊಟ್ಟುಬಿಟ್ರು. ಬೆಟ್ಟ ಹತ್ತೋ ರೇಸಿಗೆ ಇಳಿಸ್ಬೇಕು ಅಂತ ಆಸೆ. ದೊಡ್ಡಪ್ಪ ವಾಪಸ್ ಬಂದು ನಿನ್ನೆ ನೋಡ್ಕೊಂಡು ಹೋದ್ರು."

"ಎಂಜಿನ್ ಜಾಮ್ ಆಗಿತ್ತಾ?"

"ಅದೇ ವಿಚಿತ್ರ. ಎಣ್ಣೆ ಬಿಟ್ಟು ತಿರುಗಿಸಿದ್ರೆ ಬೆಣ್ಣೆ ಹಾಗೆ ತಿರುಗ್ತು."

"ಮಡ್‌ಗಾರ್ಡ್ ಬಿಚ್ಚಿದ್ದು ಟಿಂಕರಾ?"

"ಇಲ್ಲ, ಬಿಚ್ಚೋದೇ ಬೇಡ ಅಂದಿದ್ದ. ಇವತ್ತು ಅಲ್ಲಿನ ತಗ್ಗು ಮುಚ್ಚೋ ಪುಟ್ಟಿ ಕೆರೆಯೋನಿದ್ದ. ಬೆರಳು ದಪ್ಪ ಮೆತ್ತಿದಾರೆ, ಯಾರೋ ಕೆಲಸ ಬಾರದೋನು ಅಂತ ನಗಾಡ್ತಿದ್ದ."

"ಈ ಮಡ್‌ಗಾರ್ಡ್ ಯಾರಿಗಾದ್ರೂ ಬೇಕಿತ್ತಾ?"

ಟೀಚರ್ ತಡವರಿಸಿದಳು. "ಹೋದ ಸಲ ರೇಸ್ ಗೆದ್ದ ಚಾಂಪಿಯನ್‌ಗೆ. ಅವನ ಕಾರೂ ಇದೇ ಮಾಡೆಲ್. ಮಡ್‌ಗಾರ್ಡ್ ಕೊಡಿ ಅಂತ ದುಂಬಾಲು ಬಿದ್ದಿದ್ದ."

*

ಪೊಲೀಸ್ ಜೀಪು ಕಂಡದ್ದೇ ಚಾಂಪಿಯನ್ ಬೆವೆತುಹೋದ.

"ಕೇಳಿದ್ದು ನಿಜ ಮೇಡಂ. ಆದ್ರೆ ನಂಗೆ ಬೇಕಿದ್ದಿದ್ದು ಬಲಗಡೇದು! ಬನ್ನಿ, ನೀವೇ ನೋಡಿ."

ಅವನ ಕಾರಿನ ಬಲ ಮಡ್‌ಗಾರ್ಡ್ ಹರಿದ ಚಪ್ಪಲಿಯ ಹಾಗೆ ನೇತಾಡುತ್ತಿತ್ತು. ಎಡಗಡೆಯದು ಸರಿಯಾಗೇ ಇತ್ತು.

"ಇದು ಹೇಗೆ ಹರೀತು?"

"ಹೆಡ್‌ಲೈಟ್ ಹಿಂದೆ ಒಂದು ಕಳ್ಳ ಬೋಲ್ಟ್ ಇದೆ. ಹೆಡ್‌ಲೈಟ್ ತೆಗೆದ್ರೇನೇ ಕಾಣೋದು. ಗೊತ್ತಿಲ್ದೆ ಎಳೆದುಬಿಟ್ಟೆ. ಒಂದು ಸಲ ಬಿಚ್ಚಿದೋನಿಗೆ ಮಾತ್ರ ಗೊತ್ತಾಗೋ ಜಾಗ ಅದು."

"ಒಳಗೆ ಹಾಕೋಣ್ವಾ ಮೇಡಂ?" ಕಾನ್‌ಸ್ಟೇಬಲ್ ಕಿವಿಯ ಹತ್ತಿರ ಪಿಸುಗುಟ್ಟಿದ.

"ಸುಮ್ನಿರಪ್ಪ. ಬಲಗಾಲಿನ ಚಪ್ಪಲಿ ಹರಿದವನು ಎಡಗಾಲಿಂದು ಕದೀತಾನಾ?"

*

ಜೀಪಿನಲ್ಲಿ ಟೀಚರ್ ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತಿದ್ದಳು.

"ಆ ಕಾರು ನಿಂತಿದ್ದು ಯಾವಾಗಮ್ಮ?"

"ಅಪ್ಪ ತೀರಿಕೊಂಡ ವರ್ಷ. ನಾನಾಗ ಚಿಕ್ಕೋಳು. ಆಮೇಲೆ ನನ್ನ ಸಾಕಿದ್ದು ದೊಡ್ಡಪ್ಪಾನೇ."

"ಅಪ್ಪ ಹೇಗೆ ಹೋದ್ರು?"

"ಬೆಟ್ಟದ ರಸ್ತೇಲಿ. ಸೈಕಲ್ಲಲ್ಲಿ ಬರ್ತಿದ್ರು. ಯಾವುದೋ ಗಾಡಿ ಗುದ್ದಿ..." ಮಾತು ಅಲ್ಲಿಗೇ ನಿಂತಿತು. ಟೀಚರ್ ಮುಖದ ಬಣ್ಣ ಇಳಿಯುವುದನ್ನು ಇನ್ಸ್‌ಪೆಕ್ಟರ್ ಕಂಡಳು. "ಗಾಡಿ ಸಿಗಲೇ ಇಲ್ಲ ಮೇಡಂ."

"ದೊಡ್ಡಪ್ಪನ ಮನೆ ಕಡೆ ನಡಿ," ಎಂದಳು ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ.

*

ದೊಡ್ಡಪ್ಪ ಪೇಪರ್ ಮಡಿಸಿಟ್ಟರು. ದೊಡ್ಡಮ್ಮ ಬಾಗಿಲಿಗೆ ಒರಗಿ ನಿಂತರು.

"ಕಾರು ಯಾಕೆ ನಿಲ್ಲಿಸಿದ್ರಿ ಯಜಮಾನ್ರೇ?"

"ಎಂಜಿನ್ ಜಾಮ್."

"ಯಾರ ಹತ್ರ ರಿಪೇರಿ ಮಾಡಿಸ್ತಿದ್ರಿ?"

"ರಿಪೇರಿ ಏನು ಬಂತು? ಷೋರೂಮಿಂದ ತಂದ ಗಾಡಿ. ನನ್ನ ಬಿಟ್ಟು ಇನ್ನೊಬ್ಬರ ಕೈ ಅದರ ಮೇಲೆ ಬಿದ್ದಿಲ್ಲ."

"ಹಾಗಾದ್ರೆ ಆ ಪುಟ್ಟಿ ಮೆತ್ತಿದ್ದೂ ನೀವೇ."

ದೊಡ್ಡಪ್ಪ ಮಡಿಸಿಟ್ಟ ಪೇಪರನ್ನು ಮತ್ತೆ ಬಿಚ್ಚಿದರು.

"ಮಡ್‌ಗಾರ್ಡ್ ಕದ್ದಿದ್ದು ಬೇಕು ಅಂತಲ್ಲ, ಬಚ್ಚಿಡೋಕೆ. ಕದ್ದವನು ಹೆಡ್‌ಲೈಟ್ ಜೋಪಾನವಾಗಿ ತೆಗೆದಿಟ್ಟು, ಒಂಚೂರೂ ತಗಡು ಹರಿಯದ ಹಾಗೆ ಕಳ್ಳ ಬೋಲ್ಟ್ ಬಿಚ್ಚಿದಾನೆ. ಅಂದ್ರೆ ಅವನು ಅದನ್ನ ಮುಂಚೆ ಒಂದು ಸಲ ಬಿಚ್ಚಿದೋನು. ಎಂಜಿನ್ ಚೆನ್ನಾಗೇ ಇತ್ತು. ಕಾರು ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಮಾರಿದ್ರೆ ಕೊಂಡವನು ಕೆರೀತಾನೆ ಅಂತ ಭಯ. ನಿನ್ನೆ ಹೋಗಿ ನೋಡಿದ್ರೆ ಪುಟ್ಟಿ ಕೆರೆಯೋದೊಂದೇ ಬಾಕಿ. ಬೆಳಗ್ಗೆ ಯಾರೂ ಬರೋಕೆ ಮುಂಚೆ ಬಿಚ್ಚಿದ್ರಿ. ಟಿಂಕರ್ ಬೇಗ ಬಂದುಬಿಟ್ಟ."

"ಎಲ್ಲ ನಿಮ್ಮ ಊಹೆ," ಎಂದ ದೊಡ್ಡಪ್ಪನ ಕಣ್ಣು ಒಮ್ಮೆ ಅಟ್ಟದ ಕಡೆ ಹೋಗಿ ಬಂತು.

"ಅಟ್ಟದ ಮೇಲೆ ನೋಡಲಾ?"

ಏಣಿ ಹತ್ತಿದ ಕಾನ್‌ಸ್ಟೇಬಲ್ ಹಳೆಯ ಹಾಸಿಗೆಗಳ ಸಂದಿಯಿಂದ ಮಡ್‌ಗಾರ್ಡ್ ಎಳೆದು ಕೆಳಗಿಳಿಸಿದ. ಇನ್ಸ್‌ಪೆಕ್ಟರ್ ಚಾಕುವಿನಿಂದ ಪುಟ್ಟಿ ಎಬ್ಬಿಸಿದಳು. ಕೆಳಗೆ ಆಳವಾದ ತಗ್ಗು. ತಗ್ಗಿನ ಉದ್ದಕ್ಕೂ ಗೀರು. ಗೀರಿನಲ್ಲಿ ಇನ್ನೂ ಅಂಟಿಕೊಂಡಿದ್ದ ಹಸಿರು ಬಣ್ಣ.

"ಅಪ್ಪನ ಸೈಕಲ್," ಎಂದಳು ಟೀಚರ್. "ಹಸಿರು ಬಳಿದಿದ್ದು ನಾನೂ ಅಪ್ಪ ಸೇರಿ."

"ಕುಡಿದಿದ್ದೆ ಮಗಳೇ." ದೊಡ್ಡಪ್ಪ ಕುರ್ಚಿಯಲ್ಲೇ ಕುಸಿದರು. "ತಿರುವಲ್ಲಿ ಕಾಣಲಿಲ್ಲ."

ಕಾನ್‌ಸ್ಟೇಬಲ್ ಫೋನು ರಿಂಗಾಯಿತು. ಆಸ್ಪತ್ರೆಯದು. ಟಿಂಕರ್ ಕಣ್ಣು ಬಿಟ್ಟಿದ್ದ.

ಟೀಚರ್ ಮೆಲ್ಲಗೆ ಕೇಳಿದಳು. "ನೀವು ಬಿಟ್ಟು ಬರೋವಾಗ ಅಪ್ಪಂಗೆ ಜೀವ ಇತ್ತಾ?"

ದೊಡ್ಡಪ್ಪ ತಲೆ ಎತ್ತಲಿಲ್ಲ.

"ಇತ್ತು. 'ಅಣ್ಣಾ' ಅಂತ ಕರೆದ."

ದೊಡ್ಡಮ್ಮ ಬಾಗಿಲು ಬಿಟ್ಟು ಬಂದರು. ಗಂಡನ ಕಡೆ ನೋಡಲಿಲ್ಲ. ಟೀಚರ್ ಕೈ ಹಿಡಿದರು.

"ನಡಿ ಮಗಳೇ, ಆಸ್ಪತ್ರೆಗೆ. ಆ ಟಿಂಕರ್ ಪಕ್ಕದಲ್ಲಾದ್ರೂ ಯಾರಾದ್ರೂ ಇರಬೇಕು."