ಎದೆಯೊಳಗಿನ ಕಪ್ಪು

"ಅಂಗಿ ತೆಗೀರಿ."

ಅವನೊಡನೆ ಅವಳು ಆಡಿದ ಮೊದಲ ಮಾತೇ ಅದು!

ಸಾಗರದ ಒಂದು ಖಾಸಗಿ ಆಸ್ಪತ್ರೆಯ ಎಕ್ಸ್-ರೇ ಕೋಣೆ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಜಟ್ಟಿಂಗಪ್ಪ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಬಸ್ಸಿನ ಟಾಪಿನಿಂದ ಮೂಟೆ ಇಳಿಸಲು ಹೋಗಿ ಮೂಟೆಯ ಜೊತೆ ತಾನೂ ಇಳಿದಿದ್ದ.

"ಗಂಡಸ್ರು ಯಾರೂ ಇಲ್ವಾ ಇಲ್ಲಿ?"

"ಇಲ್ಲ. ತೆಗೀರಿ."

"ಟಿಕೆಟ್ ಕೇಳೋ ಹಂಗೆ ಕೇಳ್ತೀರಲ್ಲ ಮಾರಾಯ್ತಿ..."

ಎಕ್ಸ್-ರೇ ತೆಗೆಯುವ ಕನ್ನಮ್ಮನಿಗೆ ನಗು ತಡೆಯಲಾಗಲಿಲ್ಲ.

ಭುಜ ಕೂಡಿತು. ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಬಸ್ಸು ಸಾಗರದಲ್ಲಿ ನಿಂತಾಗಲೆಲ್ಲ ಬಂದು ಬಾಗಿಲಿಗೊರಗಿ ನಿಲ್ಲುತ್ತಿದ್ದ. ಅವಳು ಓದುತ್ತಿರುತ್ತಿದ್ದಳು. ಅವಳ ಕಾಲೇಜು ಅಂಚೆಯಲ್ಲಿ ಬರುತ್ತಿತ್ತು. ಕಂದು ಲಕೋಟೆಗಳಲ್ಲಿ ಪಾಠ, ಪ್ರಶ್ನೆ, ತಿದ್ದಿದ ಉತ್ತರ... ಮನುಷ್ಯನನ್ನು ಹೋಳು ಹೋಳಾಗಿ ತೋರಿಸುವ ಹೊಸ ಸ್ಕ್ಯಾನ್ ಯಂತ್ರದ ಬಗ್ಗೆ ಅವಳು ಪುಟಗಟ್ಟಲೆ ಬರೆಯಬಲ್ಲಳು. ಕಣ್ಣಿಂದ ಒಮ್ಮೆಯೂ ಕಂಡಿರಲಿಲ್ಲ.

"ಕಾಣದ್ದನ್ನ ಎಂಥಕ್ಕೆ ಓದ್ತೀಯ?" ಅಂತ ಕೇಳಿದ್ದ.

"ದೇವ್ರನ್ನ ಕಂಡಿದೀಯಾ ನೀನು?"

ಮದುವೆಯ ಮಾತು ಎರಡೂ ಮನೆಗೆ ಮುಟ್ಟಿದ ವಾರವೇ ಹೊಸ ಪಾಠ ಬಂತು. ಆರೋಗ್ಯವಂತನೊಬ್ಬನ ಎದೆಯ ಚಿತ್ರ ತೆಗೆದು ವಿವರಿಸಿ ಕಳಿಸಬೇಕು. ಆರೋಗ್ಯವಂತ ಅಂದರೆ ಅವಳಿಗೆ ನೆನಪಾದವನು ಒಬ್ಬನೇ.

ಜಟ್ಟಿಂಗಪ್ಪನನ್ನು ನಿಲ್ಲಿಸಿ ತೆಗೆದ ಚಿತ್ರ ತೊಳೆದು ಕಿಟಕಿಯ ಬಳಿ ನೇತುಹಾಕುವಷ್ಟರಲ್ಲಿ ಅಪಘಾತದ ಕೇಸು ಬಂತೆಂದು ಕರೆದರು. ಅವಳು ಓಡಿದಳು. ತಿರುಗಿ ಬಂದಾಗ ಅವನಿರಲಿಲ್ಲ.

ಒಣಗಿದ ಚಿತ್ರವನ್ನು ಬೆಳಕಿಗೆ ಹಿಡಿದಳು. ಬಲ ಕೊರಳೆಲುಬಿನ ಕೆಳಗೆ ಒಂದು ಬಿಳಿ ಮಚ್ಚೆ. ಅಡಿಕೆಯಷ್ಟು. ಅಂಚು ಮಸುಕು.

ಡಾಕ್ಟರು ಅದನ್ನು ನೋಡಿ ಕನ್ನಡಕ ತೆಗೆದರು. "ಕ್ಷಯ ಅಂತ ಕಾಣುತ್ತೆ. ಕಫ ಪರೀಕ್ಷೆ ಮಾಡೋಣ. ಬೇಗ ಕರ್ಕೊಂಡು ಬಾ."

ಮರುದಿನ ಬಸ್ಸಿನಿಂದ ಇಳಿದವನು ಬೇರೆ ಕಂಡಕ್ಟರ್. "ಜಟ್ಟಿ ಕೆಲ್ಸ ಬಿಟ್ಟ. ಮದ್ವೆ ಬೇಡ ಅಂತ ನಿಂಗೆ ಹೇಳು ಅಂದ," ಎಂದು ಮುಖ ತಿರುಗಿಸಿದ.

ಆಸ್ಪತ್ರೆಯ ಆಯಾ ಬೆಳ್ಳಮ್ಮ ಕಸಬರಿಕೆ ನಿಲ್ಲಿಸಿದಳು. "ನಾ ಹೇಳಿರ್ಲಿಲ್ವೇನೇ? ಊರ ಗಂಡಸರ ಎದೆ ನೋಡೋಳನ್ನ ಯಾವನು ಕಟ್ಕೊಂತಾನೆ?"

ಕನ್ನಮ್ಮ ಒಳಗೆ ಹೋದಳು. ಅಸಹ್ಯವಾಯಿತೇ ಅವನಿಗೆ? ಅವನನ್ನೇ ಯಂತ್ರದ ಮುಂದೆ ನಿಲ್ಲಿಸಿದಾಗ ಹಾಗನ್ನಿಸಿತೇ...? ಹೋಗಲಿ, ಸಾಯಲಿ ಅಂದುಕೊಂಡಳು. ಅಂದುಕೊಂಡ ಮಾತು ನಿಜವಾಗಬಹುದು ಎಂಬುದು ಹೊಳೆದಾಗ ಚೀಲ ಹೆಗಲಿಗೇರಿಸಿದಳು.

ಜಟ್ಟಿ ಇರುವ ಜಾಗವನ್ನು ಆ ಕಂಡಕ್ಟರನಿಂದ ತಿಳಿದು, ಹೊಸನಗರದಲ್ಲಿ ಬಸ್ಸು ಬದಲಿಸಿ ಕೋಣಂದೂರಿಗೆ ಹೋದಳು. ಅವನು ಭಾವನ ಮರ ಕೊಯ್ಯುವ ಮಿಲ್ಲಿನ ಹಿಂದೆ, ಶೆಡ್ಡಿನಲ್ಲಿದ್ದ. ಪಕ್ಕದಲ್ಲಿ ಅವನೊಬ್ಬನಿಗೇ ಒಂದು ತಟ್ಟೆ, ಒಂದು ಲೋಟ.

"ಅಲ್ಲೇ ನಿಲ್ಲು. ಹತ್ರ ಬರ್ಬೇಡ."

"ಬರಲ್ಲ. ನನ್ನ ಕಂಡ್ರೆ ಹೇಸಿಗೆ ಅನ್ನೋದು ಗೊತ್ತಾಯ್ತು. ಆದ್ರೆ ಒಂದು ವಿಷ್ಯ..."

"ಹೇಸಿಗೆಯಾ?" ಅವನು ತಲೆಯೆತ್ತಿದ. ಗಡ್ಡ ಬೆಳೆದಿತ್ತು. "ನಾನು ನೋಡ್ದೆ ಕನ್ನಿ. ನೀನು ಅತ್ಲಾಗೆ ಹೋದಾಗ ಕಿಟಕಿ ಹತ್ರ ನನ್ನ ಎದೆ ಚಿತ್ರ ನೋಡ್ದೆ. ಎರಡೂ ಕಡೆ ಕರ್ರಗೆ ಇದ್ದಲಾಗಿದೆ. ನಮ್ಮವ್ವ ಕೆಮ್ಮಿ ಕೆಮ್ಮಿ ಹೋದ್ಲು. ನಾನೂ ಪೂರಾ ಸುಟ್ಟು ಹೋಗಿದೀನಿ. ನಿಂಗ್ಯಾಕೆ ಇದು?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಗು ಬಂತು, ಅದರ ಬೆನ್ನಿಗೇ ಅಳು.

"ಕಪ್ಪು ಅಂದ್ರೆ ಗಾಳಿ ಕಣೋ. ಉಸಿರು ತುಂಬಿದ ಜಾಗ ಕಪ್ಪಾಗೇ ಕಾಣೋದು. ಎಲ್ರದ್ದೂ ಹಂಗೇ. ನಂದೂ."

ಅವನು ತನ್ನ ಎದೆಯನ್ನು ಮುಟ್ಟಿಕೊಂಡ. ಮುಖ ಮಗುವಿನಂತೆ ಬಿಚ್ಚಿಕೊಂಡಿತು. "ಹಂಗಾದ್ರೆ... ನಂಗೆ ಎಂತದೂ ಇಲ್ವಾ?"

ಈ ಒಂದು ಸಂಜೆಯ ಮಟ್ಟಿಗೆ ಇಲ್ಲ ಅನ್ನಬಹುದಿತ್ತು...

"ಇದೆ. ಇಲ್ಲಿ." ಅವಳು ಹತ್ತಿರ ಹೋಗಿ ಅವನ ಬಲ ಕೊರಳೆಲುಬಿನ ಕೆಳಗೆ ಬೆರಳಿಟ್ಟಳು. "ಬೆಳ್ಳಗಿದ್ದದ್ದು ರೋಗ. ಚಿಕ್ಕದು. ಅದನ್ನ ನೀನು ನೋಡ್ಲೇ ಇಲ್ಲ."

ಮಿಲ್ಲಿನ ಗರಗಸ ನಿಂತಿತ್ತು. ಅವಳ ಬೆರಳಿದ್ದ ಜಾಗವನ್ನು ಅವನು ತಾನೇ ಒತ್ತಿ ನೋಡಿದ.

"ಸಾಯ್ತೀನಾ?"

"ಸೂಜಿ, ಮಾತ್ರೆ. ವರ್ಷಕ್ಕೂ ಮಿಕ್ಕಿ. ನಡುವೆ ಬಿಟ್ರೆ ಸಾಯ್ತೀಯ. ಬಿಡದೆ ಇದ್ರೆ ಉಳೀಬಹುದು. ಖಂಡಿತ ಅಂತ ಸುಳ್ಳು ಹೇಳಲ್ಲ."

"ಆಮೇಲೂ ನನ್ನ ಮದ್ವೆ ಆಗ್ತೀಯಾ?"

"ಆಗಲ್ಲ ಅಂದೋನು ನೀನು. ನಾನಲ್ಲ."

ಅವನು ಕೆಮ್ಮು ತಡೆದು ಗೋಡೆಯ ಕಡೆ ತಿರುಗಿದ. ಅವಳು ಅವನ ತಟ್ಟೆ, ಲೋಟವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಸಾಗರದ ಬಸ್ಸಿನಲ್ಲಿ ಅವನು ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತ. ಅವಳು ಎದ್ದು ಹೋಗಿ ಅವನ ಪಕ್ಕದ ಕಿಟಕಿ ತೆರೆದು ಅಲ್ಲೇ ಕೂತಳು.

"ಭಯ ಆಗಲ್ವಾ ನಿಂಗೆ?"

"ಆಗುತ್ತೆ."

"ಕೆಮ್ಮು ಬಂದ್ರೆ?"

"ಟವಲ್ ಅಡ್ಡ ಹಿಡಿ."

ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ, "ಅಳು ಬಂದ್ರೆ?"

"ಅದಕ್ಕೆ ಎಂತದೂ ಅಡ್ಡ ಹಿಡೀಬೇಡ."