ಗಿಣಿ ಹೇಳಿದ ಎರಡು ವರ್ಷ

"ಏನಂತೆ?" ಅಮ್ಮ ಕನ್ನಡದಲ್ಲಿ ಕೇಳಿದಳು.

ಬಾಗಿಲಲ್ಲಿ ಮನೆ ಓನರ್ ಆಂಟಿ ನಿಂತಿದ್ದರು. ಇಬ್ಬರ ನಡುವೆ ಮಗಳು ಗಿಣಿ. ಆ ದೇಶದ ಭಾಷೆಯಲ್ಲಿ ಆಂಟಿ ಕೇಳಿದ್ದು ಇಷ್ಟೇ: "ರಜಾ ಮುಗಿದ ಮೇಲೂ ಇದೇ ಮನೇಲಿ ಇರ್ತೀರಾ? ಇಲ್ಲ ಅಂದ್ರೆ ನನ್ನ ತಂಗಿ ಮಗಳಿಗೆ ಕೊಡ್ತೀನಿ."

ಗಿಣಿ ಕಣ್ಣು ಮಿಟುಕಿಸದೆ, "ನಲ್ಲಿ ಸೋರ್ತಿದೆಯಾ ಅಂತ ಕೇಳ್ತಿದ್ದಾರಮ್ಮಾ" ಎಂದಳು.

"ಇಲ್ಲ, ಎಲ್ಲ ಸರಿಯಾಗಿದೆ ಅನ್ನು."

ಗಿಣಿ ಆಂಟಿಯ ಕಡೆ ತಿರುಗಿದಳು. ಅವರ ಭಾಷೆಯಲ್ಲಿ, "ಇರ್ತೀವಂತೆ. ಇನ್ನೂ ಎರಡು ವರ್ಷ" ಎಂದಳು.

ಆಂಟಿ ಅಮ್ಮನ ಎರಡೂ ಕೈ ಹಿಡಿದು ಕುಲುಕಿ ಹೋದರು. ಅಮ್ಮ ಗಿಣಿಯನ್ನೇ ದಿಟ್ಟಿಸಿದಳು. "ನಲ್ಲಿ ಸೋರ್ತಿಲ್ಲ ಅಂದಿದ್ದಕ್ಕೆ ಇಷ್ಟೊಂದು ಖುಷಿನಾ?"

"ಅವರು ಹಾಗೇನೇ" ಎಂದು ಗಿಣಿ ಬಾತ್‌ರೂಮಿಗೆ ಓಡಿದಳು.

ಅಮ್ಮ ಇಂಗ್ಲಿಷ್ ಟೀಚರ್. ನಾಲ್ಕು ವರ್ಷದಲ್ಲಿ ಇದು ಮೂರನೇ ದೇಶ. ದಿನವಿಡೀ ಕ್ಲಾಸಿನಲ್ಲಿ ಇಂಗ್ಲಿಷೇ ಮಾತಾಡುವ ಅಮ್ಮನಿಗೆ ಯಾವ ಊರಿನ ಭಾಷೆಯೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಮಗಳು ಮಾತ್ರ ಆಟದ ಮೈದಾನದಲ್ಲೇ ಆರು ತಿಂಗಳಿಗೆ ಪಟಪಟ ಕಲಿತುಬಿಡುತ್ತಿದ್ದಳು. ಅದಕ್ಕೇ ಅಮ್ಮ ಅವಳನ್ನು ಗಿಣಿ ಅಂತ ಕರೆಯುತ್ತಿದ್ದದ್ದು.

ಊರು ಬಿಡುವ ಗುರುತುಗಳೂ ಗಿಣಿಗೆ ಬಾಯಿಪಾಠ. ಮೊದಲು ಅಮ್ಮ ಸೋಪಿನ ಪುಡಿಯ ದೊಡ್ಡ ಪ್ಯಾಕೆಟ್ ತರುವುದನ್ನು ನಿಲ್ಲಿಸುತ್ತಾಳೆ. ಆಮೇಲೆ ಗೋಡೆಯ ಮೇಲಿನ ಚಿತ್ರಗಳು ಇಳಿಯುತ್ತವೆ. ಕೊನೆಗೊಂದು ದಿನ, "ನಿಂಗೊಂದು ವಿಷಯ ಹೇಳಬೇಕು ಗಿಣಿ." ಮುಗೀತು, ಫ್ರೆಂಡ್ಸಿಗೆಲ್ಲ ಟಾಟಾ.

ಈ ಸಲ ಸೋಪಿನ ಪುಡಿ ಅಂಗೈಯಗಲದ ಪ್ಯಾಕೆಟ್ಟಿನಲ್ಲಿ ಬಂದಿತ್ತು. ಸಾಲದ್ದಕ್ಕೆ, ಗಿಣಿ ಹತ್ತಿರ ಬಂದರೆ ಸಾಕು, ಅಮ್ಮ ಲ್ಯಾಪ್‌ಟಾಪ್ ಟಪ್ಪಂತ ಮುಚ್ಚುತ್ತಿದ್ದಳು. ಒಳಗೆ ಏನೋ ನಡೀತಿದೆ ಅಂತ ಗಿಣಿಗೆ ಖಾತ್ರಿಯಾಗಿತ್ತು.

ನಾಲ್ಕು ದಿನ ಬಿಟ್ಟು ಒಬ್ಬ ಬಡಗಿ ಬಂದ. ಸೀದಾ ಗಿಣಿಯ ರೂಮಿಗೆ ನುಗ್ಗಿ ಟೇಪು ಹಿಡಿದು ಗೋಡೆ ಅಳೆಯತೊಡಗಿದ.

"ಯಾರೇ ಇವರು?" ಅಮ್ಮ ಕೇಳಿದಳು.

"ಮನೆ ತಪ್ಪಿ ಬಂದಿದ್ದಾರೆ ಅನ್ಸುತ್ತೆ."

"ಮನೆ ತಪ್ಪಿ ಬಂದೋರು ನಿನ್ನ ರೂಮ್ ಯಾಕೆ ಅಳೀತಾರೆ?"

ಅಷ್ಟರಲ್ಲಿ ಆಂಟಿಯೂ ಬಂದರು. ಗಿಣಿಯ ಪುಸ್ತಕಗಳಿಗೆ ಶೆಲ್ಫ್ ಮಾಡಿಸುವ ಹುರುಪು ಅವರಿಗೆ. ಎರಡು ಬೆರಳೆತ್ತಿ, ತಮಗೆ ಗೊತ್ತಿದ್ದಷ್ಟೂ ಇಂಗ್ಲಿಷ್ ಖರ್ಚು ಮಾಡಿ, "ಟೂ ಇಯರ್! ವೆರಿ ಗುಡ್!" ಎಂದರು.

ಅಮ್ಮ ಗಿಣಿಯನ್ನು ಅಡುಗೆಮನೆಗೆ ಕರೆದೊಯ್ದಳು. "ಅವತ್ತು ಅವರು ಕೇಳಿದ್ದು ನಲ್ಲಿ ವಿಷಯ ಅಲ್ಲ, ಅಲ್ವಾ?"

"ನೀನು ಮಾತ್ರ ಮುಚ್ಚಿಡಬಹುದಾ?" ಗಿಣಿಗೆ ಅಳು ಉಕ್ಕಿ ಬಂತು. "ಮತ್ತೆ ಬೇರೆ ದೇಶಕ್ಕೆ ಹೋಗ್ತಿದ್ದೀವಿ. ನಂಗೆಲ್ಲ ಗೊತ್ತು!"

ಅಮ್ಮ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಬೇರೆ ದೇಶ ಯಾವುದೂ ಇರಲಿಲ್ಲ. ಅಮ್ಮ ತನ್ನ ಸ್ಕೂಲಿಗೇ ಬರೆದ ಮೂರು ಮೇಲ್ ಇದ್ದವು. ಮೂರರಲ್ಲೂ ಒಂದೇ ಪ್ರಶ್ನೆ: ಮುಂದಿನ ವರ್ಷವೂ ನನ್ನನ್ನು ಇಟ್ಟುಕೊಳ್ಳುತ್ತೀರಾ? ಕೊನೆಯದಕ್ಕೆ ಮಾತ್ರ ಒಂದು ಸಾಲಿನ ಉತ್ತರ: ಶುಕ್ರವಾರ ತಿಳಿಸುತ್ತೇವೆ.

"ನಂಗೂ ಇಲ್ಲೇ ಇರೋ ಆಸೆ ಕಣೇ. ನಿಂಗೆ ಆಸೆ ಹುಟ್ಟಿಸಿ, ಆಮೇಲೆ ಅವರು ಬೇಡ ಅಂದ್ರೆ?" ಅಮ್ಮ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದಳು. "ಈ ಊರಲ್ಲಿ ಯಾರು ಏನೇ ಅಂದ್ರೂ ನಂಗೆ ಗೊತ್ತಾಗೋದು ನಿನ್ನ ಬಾಯಿಂದಾನೇ ಗಿಣಿ."

ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ... ಗಿಣಿ ಹೇಳಿದ್ದಕ್ಕೆಲ್ಲ ಅಮ್ಮ ಒಮ್ಮೆಯೂ ಅನುಮಾನಪಡದೆ ತಲೆಯಾಡಿಸಿದ್ದಳು. ಗಿಣಿ ಮೂಗು ಒರೆಸಿಕೊಂಡು ಹೊರಗೆ ಬಂದಳು.

"ಅಮ್ಮನಿಗೆ ಶುಕ್ರವಾರದವರೆಗೆ ಏನೂ ಗೊತ್ತಾಗಲ್ಲ ಆಂಟಿ. ಎರಡು ವರ್ಷ ಅಂತ ಅಮ್ಮ ಹೇಳೇ ಇರಲಿಲ್ಲ. ನಾನೇ ಸೇರಿಸಿ ಹೇಳಿದ್ದು."

ಬಡಗಿ ಟೇಪು ಸುತ್ತಿಕೊಂಡ. ಆಂಟಿಯ ಮುಖ ಬಿಗಿಯಿತು. ಅವರು ತುಂಬಾ ಹೊತ್ತು ಮಾತಾಡಿದರು. ಅಮ್ಮ ಗಿಣಿಯ ಮುಖ ನೋಡುತ್ತ ಕಾದಳು.

"ಆಂಟಿಗೆ ತುಂಬಾ ಕೋಪ ಬಂದಿದೆಯಂತೆ" ಎಂದಳು ಗಿಣಿ. "ತಂಗಿ ಮಗಳಿಗೆ ಮನೆ ಇಲ್ಲ ಅಂದುಬಿಟ್ಟಿದ್ದರಂತೆ. ಶುಕ್ರವಾರದವರೆಗೆ ಮಾತ್ರ ಕಾಯ್ತಾರಂತೆ."

ಇನ್ನೂ ಒಂದು ಮಾತು ಉಳಿದಿತ್ತು. ಬಿಟ್ಟರೆ ಅಮ್ಮನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಗಿಣಿ ಅಮ್ಮನ ಕೈ ಹಿಡಿದುಕೊಂಡಳು.

"ಇನ್ಮೇಲೆ ನಿನ್ನ ಮಗಳ ಮಾತು ಹೇಗೆ ನಂಬೋದು ಅಂತ ಕೇಳ್ತಿದ್ದಾರೆ ಅಮ್ಮಾ."