ಮೇಲಿನ ಬೂದಿ, ಕೆಳಗಿನ ಬೂದಿ

ಮೆಂದೋಸಾದ ಪ್ರಯೋಗಾಲಯದಿಂದ ಬಂದ ಕಾಗದವನ್ನು ಮಾಯ್ಲೆನ್ ಮೂರನೆಯ ಸಲ ಓದಿದಳು. ಮೂರು ಸಲವೂ ಅದು ಒಂದೇ ಮಾತು ಹೇಳಿತು. ಮೇಲಿನ ಬೂದಿಗೆ ಒಂಬತ್ತು ಕೋಟಿ ಅರವತ್ತು ಲಕ್ಷ ವರ್ಷ. ಕೆಳಗಿನದಕ್ಕೆ ಒಂಬತ್ತು ಕೋಟಿ ಮೂವತ್ತು ಲಕ್ಷ. ಕೆಳಗಿನ ಪದರವೇ ಹಳೆಯದಿರಬೇಕಲ್ಲ; ಇದು ಅಜ್ಜಿಗಿಂತ ಮೊದಲು ಮೊಮ್ಮಗಳು ಹುಟ್ಟಿದ ಹಾಗೆ!

ಪೆಟಗೋನಿಯಾದ ಗಾಳಿ ಬೆಳಗಿನಿಂದ ಮ್ಯೂಸಿಯಮ್ಮಿನ ತಗಡಿನ ಮಾಡನ್ನು ಬಡಿಯುತ್ತಿತ್ತು. ಅವಳಿಗೂ ಕೂತಲ್ಲಿ ಕೂರಲಾಗದು. ಮೇಜಿನ ಮೇಲಿನ ತೊಡೆಮೂಳೆಗೆ ಅಂಟಿದ ಮಣ್ಣನ್ನು ಸೂಜಿಯಿಂದ ಕೆರೆಯುವಳು, ಬಿಡುವಳು, ಕಿಟಕಿಗೆ ಓಡುವಳು. ಹನ್ನೊಂದರ ಬಸ್ಸಿಗೆ ಆ ಪ್ರಯೋಗಾಲಯದ ಫೆರ್ಮಿನ್ ಬರುವವನಿದ್ದ.

ಆ ಮೂಳೆ ಈಗ ಮೂಳೆಯಲ್ಲ. ಎಂದೋ ಒಂದು ದೈತ್ಯಜೀವಿ ಹೊಳೆಯ ದಡದಲ್ಲಿ ಬಿದ್ದಿತ್ತು. ಪೂರ್ತಿ ಕೊಳೆತು ಹೋಗುವ ಮೊದಲೇ ಹೂಳು ಅದನ್ನು ಮುಚ್ಚಿತು. ಮಣ್ಣಿನೊಳಗಿನ ನೀರು ಖನಿಜ ಹೊತ್ತು ತಂದು ಮೂಳೆಯ ಸಂದುಸಂದಿನಲ್ಲಿ ಕಣಕಣವಾಗಿ ಇಟ್ಟುಹೋಯಿತು. ಯಾವ ದಿನ ಕಲ್ಲಾಯಿತೆಂದು ಹೇಳಲು ಬಾರದು, ಒಲವಿನ ಹಾಗೆ. ಅಂಥ ಕಲ್ಲು ತನ್ನ ವಯಸ್ಸನ್ನು ತಾನಾಗಿ ಹೇಳದು. ಅದಕ್ಕೇ ಫೆರ್ಮಿನ್ ಬೇಕಿತ್ತು. ಮೂಳೆಯ ಮೇಲೊಂದು, ಕೆಳಗೊಂದು ಜ್ವಾಲಾಮುಖಿಯ ಬೂದಿ ಪದರ. ಅವುಗಳಿಂದ ಸಾಸಿವೆಗಿಂತ ಸಣ್ಣ ಹರಳುಗಳನ್ನು ಆರಿಸಿ, ಒಳಗಿನ ಯುರೇನಿಯಂ ಎಷ್ಟು ಸೀಸವಾಗಿದೆಯೆಂದು ಅಳೆದು ಅವನು ಕಾಲ ಹೇಳುತ್ತಿದ್ದ. ಮೂಳೆಯದು ಆ ಎರಡರ ನಡುವಿನ ವಯಸ್ಸು.

ಆ ಸೀಮೆಯ ಬೇಸಿಗೆ ಮುಗಿಯುವ ಮಾರ್ಚಿನಲ್ಲಿ, ಗುಡ್ಡದ ಮೇಲೆ ಅವನು ಬೂದಿ ಕೆರೆದು ಕೊಟ್ಟ. ಚೀಲಕ್ಕೆ ಚೀಟಿ ಬರೆದವಳು ಇವಳು. ಆಗಲೇ ಗಾಳಿ ಅವನ ಟೋಪಿ ಹಾರಿಸಿತು. ಮುಳ್ಳುಪೊದೆಗಳ ನಡುವೆ ಅವನು ಅದರ ಹಿಂದೆ ಕುಪ್ಪಳಿಸುತ್ತ ಓಡಿದ. ಇವಳು ನಗುತ್ತ, ಅವನನ್ನೇ ನೋಡುತ್ತ, ಬರೆದಳು.

ಆದದ್ದು ಅಷ್ಟೇ.

ಮ್ಯೂಸಿಯಮ್ಮಿನ ಮುಖ್ಯಸ್ಥೆ ದೋನ್ಯಾ ಒಫೆಲಿಯಾ ಬಾಗಿಲಲ್ಲಿ ನಿಂತರು. "ಚೀಲ ಅದಲುಬದಲು ಮಾಡಿದ್ದು ತಾನೇ ಅಂತ ಫೆರ್ಮಿನ್ ಫೋನ್ ಮಾಡಿದ್ದ. ಮೇಲ್ಯಾವುದು, ಕೆಳಗ್ಯಾವುದು ತಿಳೀದವನನ್ನ ಕಟ್ಕೊಂಡು ನಾನೇನ್ ಮಾಡ್ಲಿ? ಆ ಚೀಲಗಳನ್ನ ಇನ್ನು ನಂಬೋ ಹಾಗಿಲ್ಲ, ಮತ್ತೆ ಬೂದಿ ತೆಗೆಯೋಕೆ ಬೇರೆಯವರನ್ನ ಕರೆಸ್ತೀನಿ. ಇವತ್ತು ತನ್ನ ಸಾಮಾನು ತಗೊಂಡು ಹೋಗ್ಲಿ."

ಮಾಯ್ಲೆನ್ ಕಾಗದವನ್ನು ಮಡಚಿ ಮೇಜಿನ ಖಾನೆಗೆ ತುರುಕಿದಳು. ಬರುವ ಡಿಸೆಂಬರಿನ ಅಗೆತದ ಪಟ್ಟಿಯಲ್ಲಿ ಮೊದಲ ಸಲ ಅವಳ ಹೆಸರಿತ್ತು. ದೋನ್ಯಾ ಹೊರಟೇಹೋದರು.

ಅರ್ಧ ಗಂಟೆಯ ನಂತರ ಫೆರ್ಮಿನ್ ಬಂದ, ಹುಬ್ಬಿನ ತುಂಬ ಧೂಳು.

"ಏನೇ ಸಣಕಲಿ, ಒಂದು ಗುಟುಕು ಯೆರ್ಬಾ ಚಹಾನೂ ಇಲ್ವಾ? ಹನ್ನೆರಡು ಗಂಟೆ ಬಸ್ಸಲ್ಲಿ ಕುಲುಕಿದೀನಿ."

"ಯಾಕೆ ಸುಳ್ಳು ಹೇಳ್ದೆ?"

"ಯಾವುದು? ಸುಮಾರಿವೆ."

"ಚೀಟಿ ಬರೆದಿದ್ದು ನಾನು."

"ಗೊತ್ತು. ಕೋಳಿ ಕೆದರಿದಂಥ ಅಕ್ಷರ ಈ ಊರಲ್ಲಿ ಇನ್ಯಾರದಿದೆ?" ಅವನು ನಕ್ಕ. ಕಣ್ಣು ಮಾತ್ರ ನಗಲಿಲ್ಲ. "ಪಟ್ಟಿಗೆ ಹೆಸರು ಬರಲಿ ಅಂತ ನಾಲ್ಕು ವರ್ಷ ಕಾದಿದೀಯ. ಬಿಡು. ನನಗೆ ಬೇರೆ ಗುಡ್ಡ ಸಿಗುತ್ತೆ."

"ಸಿಗುತ್ತೆ!" ಅವಳಿಗೆ ಮೈಯೆಲ್ಲ ಉರಿಯಿತು. "ಆ ಗುಡ್ಡದಲ್ಲಿ ನಾನಿರ್ತೀನಾ?"

ಮಾತಿನಮಲ್ಲ ಫೆರ್ಮಿನ್‌ನ ಕಿವಿಗಳು ಕೆಂಪೇರುವುದನ್ನು ಅವಳು ಪೂರ್ತಿ ನೋಡಿ, ನೇರ ದೋನ್ಯಾರ ಕೋಣೆಗೆ ನಡೆದಳು. ಬಾಗಿಲು ಹಾಕಲೂ ಇಲ್ಲ.

"ದೋನ್ಯಾ, ಚೀಟಿ ತಪ್ಪಾಗಿ ಬರೆದವಳು ನಾನು."

ದೋನ್ಯಾ ಕನ್ನಡಕ ತೆಗೆದರು. "ಬರೆಯೋವಾಗ ಕಣ್ಣೆಲ್ಲಿತ್ತು?"

"ಅವನ ಮೇಲೆ."

ಹೊರಗೆ ಏನೋ ದೊಪ್ಪನೆ ಬಿತ್ತು. ಫೆರ್ಮಿನ್‌ನ ಚೀಲವಿರಬೇಕು.

"ಡಿಸೆಂಬರಿನ ಪಟ್ಟಿಯಿಂದ ನಿನ್ನ ಹೆಸರು ಹೋಯ್ತು," ಎಂದರು ದೋನ್ಯಾ, ತುಸು ಮೆತ್ತಗೆ. "ಬೂದಿ ಅವನೇ ತೆಗೀಲಿ. ಚೀಟಿ ನಾನು ಬರೀತೀನಿ. ನನಗೆ ಅವನನ್ನ ನೋಡೋ ಹುಚ್ಚಿಲ್ಲ."

ಹೊರಬಂದಾಗ ಮಾಯ್ಲೆನ್‌ಳ ಕಣ್ಣು ತುಂಬಿತ್ತು.

"ಹೋಯ್ತಲ್ಲೇ, ನಿನ್ನ ಬೇಸಿಗೆ," ಎಂದ ಅವನು.

"ಹೋಯ್ತು. ಈ ಸಲ ಫಲಿತಾಂಶಾನ ಅಂಚೇಲಿ ಕಳಿಸ್ಬೇಡ. ನೀನೇ ತಗೊಂಡು ಬಾ."

"ಅದಕ್ಕೆ ಐದು ತಿಂಗಳು ಬೇಕು ಕಣೇ. ಅಷ್ಟು ದಿನ ಯಾರು ಕಾಯ್ತಾರೆ? ಬರೋ ಭಾನುವಾರಾನೇ ಬರ್ತೀನಿ."

"ಹನ್ನೆರಡು ಗಂಟೆ ಬಸ್ಸು!"

"ಅದರ ಮುಂದಿನ ಭಾನುವಾರಾನೂ."

ಅವಳು ಅವನ ಕಾಲರ್ ಹಿಡಿದು ತನ್ನತ್ತ ಎಳೆದಳು. ತೆರೆದ ಬಾಗಿಲಿನೊಳಗೆ ದೋನ್ಯಾ ಜೋರಾಗಿ ಕೆಮ್ಮಿದರು. ಇಬ್ಬರಿಗೂ ಕೇಳಿಸಲಿಲ್ಲ.